ಕವಳೆ ಬೋನ್ಸಾಯ್: ಎಲೆ ಹಳದಿ, ಟೊಂಗೆ ಒಣ, ಕಾಯಿ ಇಲ್ಲ – ತಪ್ಪು ಎಲ್ಲಿ ಹುಡುಕಬೇಕು

ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಸುತ್ತಿನ ಕುರುಚಲು ಗುಡ್ಡಗಳಲ್ಲಿ ಯಾರೂ ಹನಿ ನೀರು ಹಾಕದಿದ್ದರೂ ಕವಳೆ ವರ್ಷವಿಡೀ ಹಸಿರಾಗಿರುತ್ತದೆ, ಮುಂಗಾರಿನ ಹೊತ್ತಿಗೆ ಕಪ್ಪಗೆ ಹಣ್ಣಾಗುತ್ತದೆ. ಅದೇ ಗಿಡ ಮನೆಯ ಮಾಳಿಗೆ ಮೇಲಿನ ತಟ್ಟೆ ಕುಂಡಕ್ಕೆ ಬಂದು ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಉಂಡರೂ ಸೊರಗುತ್ತದೆ. ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಗುಡ್ಡದಲ್ಲಿ ಅದರ ಬೇರು ಗಾಳಿಯಾಡುವ ಗರಸಿನಲ್ಲಿದೆ, ಕುಡಿಯುವುದು ಮಳೆ ನೀರು, ನೆತ್ತಿ ಮೇಲೆ ಬಿಸಿಲು, ಕುಡಿಗೆ ಕತ್ತರಿ ತಾಗುವುದಿಲ್ಲ. ಕುಂಡದಲ್ಲಿ ಈ ನಾಲ್ಕೂ ತಲೆಕೆಳಗಾಗಿರುತ್ತವೆ. ಹಾಗಾಗಿ ಗಿಡ ಕೆಟ್ಟರೆ ನೀರು, ಮಣ್ಣು, ಬಿಸಿಲು, ಕತ್ತರಿ ಎಂಬ ನಾಲ್ಕನ್ನು ಮೊದಲು ನೋಡಬೇಕು. ಹುಳ, ರೋಗ ಆಮೇಲೆ. ಔಷಧಿ ಅಂಗಡಿಗೆ ಹೋಗುವುದು ಕೊಟ್ಟಕೊನೆಗೆ.

ನರ್ಸರಿಯಲ್ಲಿ ಕರಂಡೆ ಎಂದು ಕೊಡುವುದು ದೊಡ್ಡ ಕಾಯಿಯ ಜಾತಿ. ಗುಡ್ಡದ ಸಣ್ಣ ಕವಳೆ ಅದರ ಹತ್ತಿರದ ನೆಂಟ. ಇಲ್ಲಿ ಹೇಳುವುದೆಲ್ಲ ಎರಡಕ್ಕೂ ಅನ್ವಯಿಸುತ್ತದೆ. ಬೋನ್ಸಾಯ್‌ಗೆ ಸಣ್ಣ ಕವಳೆಯೇ ಮೇಲು. ಕುಂಡದಲ್ಲಿ ಬೆಳೆಸಿದರೆ ಎಲೆ ಚಿಕ್ಕದಾಗುತ್ತದೆ, ಆದರೆ ಕಾಯಿ ಅಷ್ಟಾಗಿ ಕುಗ್ಗುವುದಿಲ್ಲ. ಒಂದಡಿ ಗಿಡದಲ್ಲಿ ಗೋಲಿ ಗಾತ್ರದ ಕರಂಡೆ ತೂಗಿದರೆ ನೋಡಲು ಹೊಂದುವುದಿಲ್ಲ.

ಕೈ ಹಚ್ಚುವ ಮೊದಲು ಮೂರು ಪರೀಕ್ಷೆ

ಮೊದಲನೆಯದು ಕಡ್ಡಿ ಪರೀಕ್ಷೆ. ಉರಿದು ಮುಗಿದ ಊದಿನಕಡ್ಡಿಯ ಬಿದಿರು ತುದಿಯನ್ನು ಬುಡಕ್ಕೂ ಕುಂಡದ ಅಂಚಿಗೂ ನಡುವೆ, ತಳ ಮುಟ್ಟುವಷ್ಟು ಆಳಕ್ಕೆ ಚುಚ್ಚಿ 10 ನಿಮಿಷ ಬಿಡಿ. ತೆಗೆದಾಗ ಕಡ್ಡಿಯ ಕೆಳಗಿನ ಅರ್ಧ ಒದ್ದೆಯಾಗಿ ಬಣ್ಣ ಗಾಢವಾಗಿದ್ದರೆ ಅವತ್ತು ನೀರು ಬೇಡ. ತುದಿಗೆ ಕೊಳೆತ ವಾಸನೆ ಇದ್ದರೆ ಬೇರು ಕೊಳೆಯಲು ಶುರುವಾಗಿದೆ. ಮೇಲ್ಮಣ್ಣು ಒಣಗಿದೆ ಎಂದು ಬೆರಳಿನಿಂದ ಮುಟ್ಟಿ ತೀರ್ಮಾನಿಸಬೇಡಿ. ನಮ್ಮ ಕಡೆಯ ಒಣ ಗಾಳಿಗೆ ಮೇಲಿನ ಅರ್ಧ ಇಂಚು ಎರಡೇ ತಾಸಿನಲ್ಲಿ ಒಣಗುತ್ತದೆ, ತಳ ಮಾತ್ರ ಎರಡು ದಿನ ಒದ್ದೆಯಾಗೇ ಇರುತ್ತದೆ.

ಎರಡನೆಯದು ನೀರು ಇಳಿಯುವ ವೇಗ. ಒಂದು ಲೀಟರ್ ನೀರನ್ನು ನಿಧಾನವಾಗಿ ಹಾಕಿ. ಮೇಲೆ ನಿಂತದ್ದು 10–15 ಸೆಕೆಂಡಿನೊಳಗೆ ಇಂಗಿ ತೂತಿನಿಂದ ಹರಿದರೆ ಮಣ್ಣು ಸರಿಯಿದೆ. ಒಂದು ನಿಮಿಷ ಕಳೆದರೂ ಮೇಲೆ ನೀರು ನಿಂತಿದ್ದರೆ ಮಣ್ಣು ಗಟ್ಟಿಯಾಗಿದೆ, ಇಲ್ಲವೇ ಬೇರು ತುಂಬಿಕೊಂಡಿದೆ. ಹಾಕಿದ ಕೂಡಲೇ ತಳದಿಂದ ಸುರಿದು, ಎತ್ತಿ ನೋಡಿದರೆ ಕುಂಡ ಇನ್ನೂ ಹಗುರವಾಗಿದ್ದರೆ ತೊಂದರೆ ಬೇರೆ. ಮಣ್ಣಿನ ಹೆಂಟೆ ಪೂರ್ತಿ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದೆ, ನೀರು ಆ ಸಂದಿನಲ್ಲಿ ಇಳಿದು ಹೋಗುತ್ತಿದೆ. ತೆಂಗಿನ ನಾರಿನ ಪುಡಿ ಜಾಸ್ತಿ ಹಾಕಿದ ಕುಂಡಗಳಲ್ಲಿ ಬೇಸಿಗೆಯಲ್ಲಿ ಇದು ಸಾಮಾನ್ಯ. ಕುಂಡವನ್ನೇ ನೀರು ತುಂಬಿದ ಬುಟ್ಟಿಯಲ್ಲಿ ಅಂಚಿನವರೆಗೆ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಇಡಿ. ಸುಮಾರು ಕಾಲು ತಾಸು ಬೇಕಾಗುತ್ತದೆ.

ಮೂರನೆಯದು ಹಾಲಿನ ಪರೀಕ್ಷೆ. ಇದು ಕವಳೆಯಂಥ ಹಾಲು ಒಸರುವ ಗಿಡಗಳಲ್ಲಿ ಸಿಗುವ ಅನುಕೂಲ. ಒಣಗಿದಂತೆ ಕಾಣುವ ಟೊಂಗೆಯ ತುದಿಗೆ ಸೂಜಿ ಚುಚ್ಚಿ. ಬಿಳಿ ಹಾಲು ಬಂದರೆ ಜೀವವಿದೆ. ಬರದಿದ್ದರೆ ಅರ್ಧ ಇಂಚು ಕೆಳಗೆ ಚುಚ್ಚಿ, ಹೀಗೇ ಬುಡದ ಕಡೆ ಇಳಿಯುತ್ತ ಹೋಗಿ. ಹಾಲು ಕಂಡ ಜಾಗವೇ ಜೀವಕ್ಕೂ ಸಾವಿಗೂ ಗಡಿ. ಒಂದು ಎಚ್ಚರಿಕೆ: ತುಂಬ ಬಾಯಾರಿದ ಗಿಡದಲ್ಲಿ ಜೀವವಿದ್ದರೂ ಹಾಲು ಒಸರುವುದಿಲ್ಲ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಒಂದಿಷ್ಟು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕತ್ತರಿಸಬೇಡಿ, ನೀರು ಕೊಟ್ಟು ಎರಡು ವಾರ ಕಾಯಿರಿ.

ಎಲೆ ಹಳದಿ

ಎಲ್ಲಿಯ ಎಲೆ ಹಳದಿಯಾಗಿದೆ ಎಂಬುದೇ ಮುಖ್ಯ ಸುಳಿವು.

ಫೆಬ್ರವರಿ–ಮಾರ್ಚಿನಲ್ಲಿ ಟೊಂಗೆಯ ಒಳಭಾಗದ ಹಳೆ ಎಲೆಗಳಷ್ಟೇ ಹಳದಿಯಾಗಿ ಉದುರಿ, ತುದಿಯಲ್ಲಿ ಮಿರುಗುವ ಕೆಂಚು ಚಿಗುರು ಬರುತ್ತಿದ್ದರೆ ಅದು ರೋಗವಲ್ಲ. ನಿತ್ಯಹಸಿರು ಎಂದರೆ ಎಲೆ ಉದುರುವುದೇ ಇಲ್ಲ ಎಂದಲ್ಲ, ಒಟ್ಟಿಗೆ ಬೋಳಾಗುವುದಿಲ್ಲ ಎಂದಷ್ಟೇ.

ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು, ಹಳೆ ಎಲೆ ಚೆನ್ನಾಗಿದೆ: ಇದು ಕಬ್ಬಿಣದ ಕೊರತೆ. ದಾವಣಗೆರೆ, ಚಿತ್ರದುರ್ಗದ ಕುಂಡಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಆದರೆ ಬೋರ್‌ ನೀರಿನ ಸುಣ್ಣದಂಶ ಕುಂಡದಲ್ಲಿ ಸೇರುತ್ತ ಹೋದಂತೆ ಮಣ್ಣು ಕ್ಷಾರವಾಗುತ್ತದೆ, ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಗುರುತು ಹಿಡಿಯುವುದು ಸುಲಭ. ಕುಂಡದ ಅಂಚಿನಲ್ಲಿ, ತೂತಿನ ಸುತ್ತ ಬಿಳಿ ಪೊರೆ ಕಟ್ಟಿರುತ್ತದೆ. ಒಂದು ಚಮಚ ಮೇಲ್ಮಣ್ಣನ್ನು ಒಣಗಿಸಿ, ಅದರ ಮೇಲೆ ಅಡುಗೆ ವಿನೆಗರ್ ನಾಲ್ಕು ಹನಿ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ. ಚುರ್ರೆಂದು ನೊರೆಯೆದ್ದರೆ ಸುಣ್ಣ ತುಂಬಿದೆ. ಕುಂಡಕ್ಕೆ ಎರೆ ಮಣ್ಣು ಬೆರೆಸಿದ್ದರೆ ನೊರೆ ಇನ್ನೂ ಜೋರಾಗಿ ಬರಬಹುದು, ನಮ್ಮ ಕಡೆಯ ಎರೆಯಲ್ಲಿ ಸುಣ್ಣದ ಹರಳು ಸಾಮಾನ್ಯ.

ಪರಿಹಾರ ಎರಡು ಹಂತದ್ದು. ಎಲೆಗೆ ತಕ್ಷಣ ಹಸಿರು ಬರಬೇಕಾದರೆ ಒಂದು ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ಗ್ರಾಂ ಸಿಟ್ರಿಕ್ ಆಮ್ಲ (ಮೊದಲು ಆಮ್ಲವನ್ನೇ ಕರಗಿಸಬೇಕು) ಹಾಕಿ ಸಂಜೆ ಸಿಂಪಡಿಸಿ, 10 ದಿನ ಬಿಟ್ಟು ಮತ್ತೊಮ್ಮೆ. ಹೊಲದ ಬೆಳೆಗೆ ಲೀಟರಿಗೆ 5 ಗ್ರಾಂ ಹೇಳುತ್ತಾರೆ. ಬೋನ್ಸಾಯ್‌ನ ಎಳೆ ಚಿಗುರಿಗೆ ಅಷ್ಟು ಹಾಕಿದರೆ ಸುಟ್ಟ ಚುಕ್ಕೆ ಬೀಳುತ್ತದೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ, ಅದು ಕೆಟ್ಟಿದೆ. ಬುಡಕ್ಕೆ ಕೊಡುವುದಾದರೆ ಅಂಗಡಿಯಲ್ಲಿ ಚೀಲೇಟ್ ಕಬ್ಬಿಣ (ಬೇರಿಗೆ ದಕ್ಕುವ ಹಾಗೆ ಇನ್ನೊಂದು ವಸ್ತುವಿನ ಜೊತೆ ಬೆಸೆದ ಕಬ್ಬಿಣ) ಕೇಳುವಾಗ ಪೊಟ್ಟಣದ ಹಿಂಭಾಗ ಓದಿ. ಇಡಿಟಿಎ ಎಂದಿದ್ದರೆ ಕ್ಷಾರ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ, ದುಡ್ಡು ದಂಡ. ಇಡಿಡಿಎಚ್‌ಎ ಎಂದಿರುವುದೇ ಬೇಕು. ಲೀಟರಿಗೆ ಒಂದು ಗ್ರಾಂ, ತಿಂಗಳಿಗೊಮ್ಮೆಯಂತೆ ಎರಡು ಸಲ ಸಾಕು.

ಇದು ತೇಪೆ ಕೆಲಸ. ನೀರು ಬದಲಾಗದಿದ್ದರೆ ಆರು ತಿಂಗಳಲ್ಲಿ ಅದೇ ಹಳದಿ ತಿರುಗಿ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಕುಂಡದ ಗಿಡ ಇಟ್ಟವರ ಮನೆಯಲ್ಲಿ ಇರಲೇಬೇಕು. 500ರ ಒಳಗೆ ತೋರಿಸಿದರೆ ನಿಶ್ಚಿಂತೆ. 800 ದಾಟಿದರೆ ತಟ್ಟೆ ಕುಂಡಕ್ಕೆ ಅದೊಂದೇ ನೀರು ಬೇಡ. ನಮ್ಮ ಬೋರ್‌ಗಳಲ್ಲಿ 1000 ದಾಟುವುದು ಹೊಸದೇನಲ್ಲ. ಮಾಳಿಗೆ ಮೇಲೆ ಮಳೆ ನೀರನ್ನು ಡ್ರಮ್ಮಿಗೆ ಹಿಡಿದಿಡಿ, ಮನೆಯಲ್ಲಿ ಎಸಿ ಇದ್ದರೆ ಅದರಿಂದ ತೊಟ್ಟಿಕ್ಕುವ ನೀರೂ ಲವಣವಿಲ್ಲದ್ದು. ಎರಡು ಸಲ ಬೋರ್ ನೀರು, ಒಂದು ಸಲ ಮಳೆ ನೀರು ಎಂದು ಹೊಂದಿಸಿಕೊಂಡರೂ ವ್ಯತ್ಯಾಸ ಕಾಣುತ್ತದೆ. ತಿಂಗಳಿಗೊಮ್ಮೆ ಕುಂಡದ ಅಳತೆಯ ಮೂರು ಪಟ್ಟು ಮಳೆ ನೀರನ್ನು ಒಂದೇ ಸಮ ನಿಧಾನವಾಗಿ ಹರಿಸಿ, ಕೂತ ಲವಣ ತೊಳೆದು ಹೋಗಲಿ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಾಳು ಮಾಡಬಾರದೆಂದು ಗಿಡಕ್ಕೆ ಹಾಕುವವರು ಬಹಳ ಜನ. ಆ ನೀರಿನಲ್ಲಿರುವುದು ನಿಮ್ಮ ಬೋರ್‌ನ ಲವಣವೆಲ್ಲ ಒಟ್ಟಾಗಿ. ನೆಲ ಒರೆಸಿ, ಪಾತ್ರೆ ತೊಳೆಯಿರಿ, ಕುಂಡಕ್ಕೆ ಬೇಡ. ಸಾಫ್ಟನರ್ ನೀರು ಇನ್ನೂ ಕೆಟ್ಟದ್ದು, ಅದು ಸುಣ್ಣ ತೆಗೆದು ಸೋಡಿಯಂ ಸೇರಿಸುತ್ತದೆ. ಎಲೆಯ ತುದಿ ಮತ್ತು ಅಂಚು ಕಂದಾಗಿ, ಸುಟ್ಟ ಕಾಗದದ ಹಾಗೆ ಗರಿಗರಿಯಾದರೆ ಈ ಎರಡರಲ್ಲೊಂದು ಕಾರಣವಿರಬಹುದು.

ಹಳೆ ಎಲೆಯಲ್ಲೇ ನರಗಳ ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ ಕಡಿಮೆ. ಎಪ್ಸಮ್ ಉಪ್ಪು ಲೀಟರಿಗೆ 2 ಗ್ರಾಂ ಸಿಂಪಡಿಸಿ. ಹಳೆ ಎಲೆ ಇಡಿಯಾಗಿ ಮಂಕಾಗಿ ತಿಳಿ ಹಸಿರಾಗಿದ್ದರೆ ಹೊಟ್ಟೆಗೆ ಸಾಲದು, ಗೊಬ್ಬರ ಕೊಡಿ.

ಹಳೆಯದು ಹೊಸದು ಎನ್ನದೆ ಎಲ್ಲ ಎಲೆ ಹಳದಿ, ಜೋತುಬಿದ್ದಿವೆ, ಕಡ್ಡಿ ಮಾತ್ರ ಒದ್ದೆ: ಬೇರು ಉಸಿರುಗಟ್ಟಿದೆ. ಗಿಡ ಬಾಡಿದೆ ಎಂದು ಇನ್ನಷ್ಟು ನೀರು ಸುರಿಯುವುದು ಇಲ್ಲಿ ಆಗುವ ದೊಡ್ಡ ಅನಾಹುತ. ಗಿಡವನ್ನು ಕುಂಡದಿಂದ ಎತ್ತಿ ಬೇರು ಹಿಡಿದು ಎಳೆಯಿರಿ. ಒಳ್ಳೆಯ ಬೇರು ಗಟ್ಟಿಯಾಗಿ ತಿಳಿ ಬಣ್ಣದಲ್ಲಿರುತ್ತದೆ. ಕೊಳೆತದ್ದರ ಸಿಪ್ಪೆ ಬೆರಳಿಗೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ತೊಳೆದು, ಹೊಸ ಮಿಶ್ರಣದಲ್ಲಿ ಕೂರಿಸಿ. ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 3 ಗ್ರಾಂ ಕಲಸಿ ಒಂದು ಸಲ ಬುಡಕ್ಕೆ ಹಾಕಿ. ಹೋದ ಬೇರಿಗೆ ತಕ್ಕಂತೆ ಎಲೆಯನ್ನೂ ಕಡಿಮೆ ಮಾಡಿ ಮೂರು ವಾರ ನೆರಳಲ್ಲಿಡಿ.

ಮಿಶ್ರಣ ಹೀಗಿರಲಿ: 3 ರಿಂದ 5 ಮಿಲಿಮೀಟರ್ ಗಾತ್ರದ ಇಟ್ಟಿಗೆ ಚೂರು 3 ಪಾಲು, ಅದೇ ಗಾತ್ರದ ಕಲ್ಲಿನ ಚೂರು ಅಥವಾ ದಪ್ಪ ಮರಳು 2 ಪಾಲು, ಪೂರ್ತಿ ಕಳಿತ ಗೊಬ್ಬರ 2 ಪಾಲು, ಕೆಂಪು ಗರಸು ಮಣ್ಣು 1 ಪಾಲು. ಎಲ್ಲವನ್ನೂ ಜರಡಿ ಹಿಡಿದು ಪುಡಿ ತೆಗೆದುಹಾಕುವುದು ಮುಖ್ಯ, ಪಾಲು ಸ್ವಲ್ಪ ಹೆಚ್ಚು ಕಡಿಮೆಯಾದರೆ ಮುಳುಗಿ ಹೋಗುವುದೇನಿಲ್ಲ. ಎಂ ಸ್ಯಾಂಡ್‌ನಲ್ಲಿ ಕಲ್ಲಿನ ಹಿಟ್ಟು ತುಂಬಿರುತ್ತದೆ. ತೊಳೆಯದೆ ಹಾಕಿದರೆ ಎರಡೇ ತಿಂಗಳಲ್ಲಿ ತಳ ಗಾರೆಯಾಗುತ್ತದೆ. ಎರೆ ಮಣ್ಣು ಚಿಟಿಕೆಯೂ ಬೇಡ. ದಾವಣಗೆರೆಯ ಕಡೆ ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ ಸುಲಭವಾಗಿ ಸಿಗುತ್ತದೆಂದು ಬೆರೆಸುವವರಿದ್ದಾರೆ. ಅರ್ಧ ಬೆಂದ ಕಪ್ಪು ಹೊಟ್ಟು ಹಗುರ, ಗಾಳಿಯಾಡುತ್ತದೆ, ಹತ್ತರಲ್ಲಿ ಒಂದು ಪಾಲು ಪರವಾಗಿಲ್ಲ. ಪೂರ್ತಿ ಉರಿದ ಬಿಳಿ ಬೂದಿ ಕ್ಷಾರ, ಮೊದಲೇ ಸುಣ್ಣ ಹೆಚ್ಚಿರುವ ಕುಂಡಕ್ಕೆ ಮತ್ತಷ್ಟು ಹೊರೆ. ಹೊಟ್ಟಿನ ಜೊತೆ ಬೇರೇನು ಉರಿಸಿದ್ದಾರೋ ಗೊತ್ತಿಲ್ಲದಿದ್ದರೆ ಕಪ್ಪಾದರೂ ಬೇಡ.

ಟೊಂಗೆ ತುದಿಯಿಂದ ಒಣಗುತ್ತ ಬರುವುದು

ಮಾರ್ಚಿನಿಂದ ಮೇ ತನಕ ಒಂದೇ ಮಗ್ಗುಲಿನ ಟೊಂಗೆ ಒಣಗಿದರೆ, ಕುಂಡದ ಆ ಮಗ್ಗುಲಿಗೆ ಮಧ್ಯಾಹ್ನದ ಮೇಲಿನ ಬಿಸಿಲು ಬೀಳುತ್ತದೆಯೇ ನೋಡಿ. ಕವಳೆಯ ಎಲೆ 40 ಡಿಗ್ರಿ ತಡೆಯುತ್ತದೆ, ತಟ್ಟೆ ಕುಂಡದ ಗೋಡೆಗೆ ಅಂಟಿದ ಬೇರು ತಡೆಯುವುದಿಲ್ಲ. ಕಾದ ಆರ್‌ಸಿಸಿ ಮೇಲೆ ಅಥವಾ ಕಡಪ ಕಲ್ಲಿನ ಮೇಲೆ ನೇರವಾಗಿ ಇಟ್ಟ ಕುಂಡದಲ್ಲಿ ಅಂಚಿನ ಬೇರು ಬೆಂದು, ಅದಕ್ಕೆ ಸೇರಿದ ಟೊಂಗೆ ಒಣಗುತ್ತದೆ. ಕುಂಡವನ್ನು ನೆಲದಿಂದ ಎರಡಡಿ ಎತ್ತರದ ಬೆಂಚಿಗೆ ಏರಿಸಿ. ಗೋಡೆಗೆ ಗೋಣಿ ತಟ್ಟು ಸುತ್ತಿ ಬೆಳಿಗ್ಗೆ ಒಮ್ಮೆ ನೆನೆಸಿ, ಇಲ್ಲವೇ ಮರಳು ತುಂಬಿದ ಅಗಲ ಬುಟ್ಟಿಯಲ್ಲಿ ಕುಂಡವನ್ನು ಅಂಚಿನವರೆಗೆ ಹುದುಗಿಸಿ. ನೆರಳು ಬಲೆ ಏಪ್ರಿಲ್–ಮೇನಲ್ಲಿ ಮಧ್ಯಾಹ್ನ 12ರಿಂದ 4ರ ತನಕ ಮಾತ್ರ, ಅದೂ 35 ಶೇಕಡಾದ್ದು. ಇಡೀ ದಿನ ಬಲೆಯಡಿ ಇಟ್ಟರೆ ಮುಂದೆ ಹೇಳುವ ಇನ್ನೊಂದು ದೋಷಕ್ಕೆ ದಾರಿ.

ಮಳೆಗಾಲದಲ್ಲಿ ಕತ್ತರಿಸಿದ ಜಾಗದಿಂದ ಕಪ್ಪಾಗುತ್ತ ಇಳಿದರೆ ಅದು ಶಿಲೀಂಧ್ರ. ಕಪ್ಪು ನಿಂತ ಜಾಗದಿಂದ ಅರ್ಧ ಇಂಚು ಕೆಳಗೆ, ಒಂದು ಮೊಗ್ಗಿನ ಮೇಲೆ ಕತ್ತರಿಸಿ. ಹಾಲು ಸುರಿಯುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಹಾಲು ಒಣಗುವ ಮೊದಲೇ ಮುಲಾಮು ಬಳಿದರೆ ಅಂಟದೆ ಎದ್ದು ಬರುತ್ತದೆ, ಇದರಿಂದಲೇ ಎಷ್ಟೋ ಗಾಯ ಒಳಗಿಂದ ಕೊಳೆಯುತ್ತವೆ. ಹಾಲು ನಿಂತು, ಒರೆಸಿ, ಒಣಗಿದ ಮೇಲೆ ಕಾಪರ್ ಆಕ್ಸಿಕ್ಲೋರೈಡ್ ಗಟ್ಟಿಯಾಗಿ ಕಲಸಿ ಹಚ್ಚಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವ ಮೊದಲು ಸ್ಪಿರಿಟ್‌ನಿಂದ ಒರೆಸುವುದು ಮರೆಯಬೇಡಿ.

ಗಿಡ ಹುಲುಸಾಗಿದೆ, ಹೂವೇ ಇಲ್ಲ

ಬಹಳ ಮಂದಿ ಮೊದಲು ಗೊಬ್ಬರ ಬದಲಿಸುತ್ತಾರೆ. ನೋಡಬೇಕಾದದ್ದು ಕತ್ತರಿಯನ್ನು.

ಕವಳೆಯ ಹೂಗೊಂಚಲು ಟೊಂಗೆಯ ತುದಿಯಲ್ಲಿ ಬರುತ್ತದೆ. ಗೊಂಚಲು ಮೂಡಿದ ಮೇಲೆ ಅದರ ಕೆಳಗಿನ ಜೋಡಿ ಎಲೆಗಳ ಸಂದಿನಿಂದ ಎರಡು ಹೊಸ ಚಿಗುರು ಕವಲೊಡೆಯುವುದರಿಂದ, ಕಾಯಿ ಕವಲಿನ ನಡುವೆ ಕೂತಂತೆ ಕಾಣುತ್ತದೆ. ಅದನ್ನು ನೋಡಿ ಹೂ ಎಲ್ಲಿ ಬೇಕಾದರೂ ಬರುತ್ತದೆ ಎಂದುಕೊಳ್ಳುತ್ತಾರೆ. ಆದರೆ ಮೊಗ್ಗು ಕೂರುವುದು ಬಲಿತ ಕುಡಿಯಲ್ಲಿ. ಬೋನ್ಸಾಯ್ ಮಾಡುವವರ ಕೈ ಸುಮ್ಮನಿರುವುದಿಲ್ಲ, ಆಕಾರ ಕೆಡುತ್ತದೆಂದು ಹದಿನೈದು ದಿನಕ್ಕೊಮ್ಮೆ ಕುಡಿ ಚಿವುಟುತ್ತಾರೆ. ಪ್ರತಿ ಚಿವುಟಿಗೂ ಆ ವರ್ಷದ ಒಂದು ಗೊಂಚಲು ಹೋಯಿತೆಂದೇ ಲೆಕ್ಕ.

ನಮ್ಮ ಬಯಲುಸೀಮೆಯಲ್ಲಿ ಹೂ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ನಡುವೆ, ಹಣ್ಣು ಮೇ ಕೊನೆಯಿಂದ ಜುಲೈ ತನಕ. ಮಳೆ ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ಇದಕ್ಕೆ ಹೊಂದುವ ಕತ್ತರಿ ಪಂಚಾಂಗ ಹೀಗೆ: ಹಣ್ಣು ಕಿತ್ತ ಮೇಲೆ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈನಲ್ಲಿ, ದೊಡ್ಡ ಸವರುವಿಕೆ. ಬಂದ ಚಿಗುರು ಆರು ಎಲೆಯಾದಾಗ ಎರಡಕ್ಕೆ ಚಿವುಟಿ. ಇದನ್ನು ಎರಡು ಸಲ ಮಾಡಬಹುದು. ಸೆಪ್ಟೆಂಬರ್ ಮಧ್ಯಕ್ಕೆ ಉತ್ತರೆ ಮಳೆ ಹುಟ್ಟಿತೆಂದರೆ ಕತ್ತರಿ ಎತ್ತಿಡಿ. ಅಲ್ಲಿಂದ ಹೂ ಮುಗಿಯುವ ತನಕ ಆಕಾರ ಎಷ್ಟೇ ಕೆಟ್ಟರೂ ಕುಡಿ ಮುಟ್ಟಬಾರದು. ಬುಡದಿಂದ ಏಳುವ ಹಂಬು ಮತ್ತು ಒಣ ಕಡ್ಡಿ ತೆಗೆಯಬಹುದು, ಅಷ್ಟೇ. ಪ್ರದರ್ಶನಕ್ಕೆ ಆಕಾರ ಬೇಕು, ಹಣ್ಣೂ ಬೇಕು ಎನ್ನುವವರು ಒಂದು ವರ್ಷ ಆಕಾರ, ಮುಂದಿನ ವರ್ಷ ಹಣ್ಣು ಎಂದು ಪಾಳಿ ಹಾಕಿಕೊಳ್ಳುವುದು ಲೇಸು.

ಕತ್ತರಿ ಸರಿಯಿದ್ದೂ ಹೂ ಇಲ್ಲವೆಂದರೆ ಬಿಸಿಲು ಎಣಿಸಿ. ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಬಾಲ್ಕನಿಯ ಮೂರು ತಾಸಿಗೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಎಲೆ ಅಗಲವಾಗಿ, ಎರಡು ಎಲೆಗಳ ನಡುವಿನ ಅಂತರ ಒಂದು ಇಂಚು ಮೀರಿದ್ದರೆ ನೆರಳು ಹೆಚ್ಚಾಗಿದೆ, ಇಲ್ಲವೇ ಸಾರಜನಕ ಹೆಚ್ಚಾಗಿದೆ.

ಗೊಬ್ಬರದ ತಪ್ಪು ಬರುವುದು ಇಲ್ಲಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ದೆಸೆಯಿಂದ ನಮಗೆ ಶೇಂಗಾ ಹಿಂಡಿಗೆ ಬರವಿಲ್ಲ. ಅದರಲ್ಲಿ ಸಾರಜನಕ ನೂರಕ್ಕೆ ಸುಮಾರು 7 ಪಾಲು, ಬೇವಿನ ಹಿಂಡಿಗಿಂತ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಒಳ್ಳೆಯ ಆಹಾರ: 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಒಂದು ವಾರ ಕೊಳೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ 15 ದಿನಕ್ಕೊಮ್ಮೆ. ಹಸಿ ಹಿಂಡಿ ನೇರವಾಗಿ ಹಾಕಿದರೆ ಇರುವೆ, ಇಲಿ ಬರುತ್ತವೆ. ಅಕ್ಟೋಬರ್‌ನಿಂದ ಹಿಂಡಿ ನಿಲ್ಲಿಸಿ, ಸಲ್ಫೇಟ್ ಆಫ್ ಪೊಟ್ಯಾಷ್ ಲೀಟರಿಗೆ ಒಂದು ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಮೂರು ಸಲ ಕೊಡಿ. ಎಲುಬಿನ ಪುಡಿ ಹೂವಿಗೆ ಒಳ್ಳೆಯದೆಂಬ ಮಾತಿದೆ. ಸುಣ್ಣ ತುಂಬಿದ ಮಣ್ಣಿನಲ್ಲಿ ಅದರ ರಂಜಕ ಕರಗಿ ಬರುವುದೇ ಇಲ್ಲ.

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನೀರಿನ ಅಂತರ ಹೆಚ್ಚಿಸಿ. ದಿನಾ ಹಾಕುತ್ತಿದ್ದರೆ ಮೂರು ದಿನಕ್ಕೊಮ್ಮೆ. ಕಡ್ಡಿ ಪೂರ್ತಿ ಒಣಗಿ ಬಂದ ಮೇಲೇ ಹಾಕಿ. ದಾಳಿಂಬೆ ತೋಟದವರು ಗಿಡ ಬಾಡಿಸಿ ಹೂ ತರಿಸುವ ಲೆಕ್ಕವೇ ಇದು. ಎಲೆ ಮುದುರಿ ತಿರುಚಿಕೊಂಡರೆ ಅತಿಯಾಯಿತು, ಅವತ್ತೇ ತುಂಬ ನೀರು ಕೊಡಿ. ತಟ್ಟೆ ಕುಂಡದಲ್ಲಿ ಹೊಲದಷ್ಟು ಒಣಗಿಸಲು ಆಗುವುದಿಲ್ಲ.

ಇನ್ನು ವಯಸ್ಸು. ಬೀಜದ ಸಸಿ ನೆಲದಲ್ಲೇ ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ, ಪದೇಪದೇ ಸವರಿದ ಕುಂಡದ ಸಸಿಗೆ ಇನ್ನೂ ತಡ. ಬೇಗ ಕಾಯಿ ಬೇಕಾದರೆ ಕಾಯಿ ಬಿಡುತ್ತಿರುವ ಗಿಡದ ಟೊಂಗೆಗೆ ಮಳೆಗಾಲದಲ್ಲಿ ಗೂಟಿ ಕಟ್ಟಿ (ತೊಗಟೆ ಸುಲಿದ ಜಾಗಕ್ಕೆ ಒದ್ದೆ ಪಾಚಿ ಸುತ್ತಿ) ಬೇರು ಬರಿಸಿದ ಸಸಿ ತನ್ನಿ. ಬರೀ ಕಡ್ಡಿ ನೆಟ್ಟರೆ ಬೇರು ಬರುವುದು ಅಪರೂಪ. ಬೀಜ ಹಾಕುವುದೇ ಆದರೆ ಹಣ್ಣಿನಿಂದ ತೆಗೆದ ವಾರದೊಳಗೆ ಹಾಕಿ, ಒಣಗಿಸಿ ಇಟ್ಟ ಬೀಜ ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ.

ಹೂ ಬಂತು, ಕಾಯಿ ನಿಲ್ಲಲಿಲ್ಲ

ಮಲ್ಲಿಗೆಯಂಥ ಬಿಳಿ ಹೂವಿನ ಕೊಳವೆ ಬಹಳ ಸಣ್ಣದು. ಪರಾಗವೂ ಅದನ್ನು ಹಿಡಿಯುವ ತುದಿಯೂ ಕೊಳವೆಯ ಒಳಗೇ ಇರುತ್ತವೆ, ಉದ್ದ ನಾಲಿಗೆಯ ಕೀಟಗಳು ಬಂದರಷ್ಟೇ ಕೆಲಸ ನಡೆಯುತ್ತದೆ. ಪೇಟೆಯ ಮೂರನೇ ಮಹಡಿಯ ಮಾಳಿಗೆಗೆ ಅವು ಬಾರದಿರಬಹುದು. ಬಣ್ಣದ ಕುಂಚ ಇಲ್ಲಿ ಕೆಲಸಕ್ಕೆ ಬಾರದು, ಒಳಗೇ ಹೋಗುವುದಿಲ್ಲ. ಮೀನಿನ ಗಾಳದ ತೆಳು ನೈಲಾನ್ ದಾರ ಎರಡು ಇಂಚು ಕತ್ತರಿಸಿ, ತುದಿಯನ್ನು ಉಗುರಿನಿಂದ ಒಂದಿಷ್ಟು ಕೆರೆದು ಒರಟು ಮಾಡಿ. ಆಗತಾನೆ ಅರಳಿದ ಹೂವಿನ ಕೊಳವೆಗೆ ಇಳಿಸಿ, ಬೆರಳ ನಡುವೆ ಹೊರಳಿಸಿ ತೆಗೆದು, ಮುಂದಿನ ಹೂವಿಗೆ ಇಳಿಸಿ. ಬೇರೆ ಗಿಡದ ಹೂವಿನಿಂದ ತಂದು ಇಳಿಸಿದರೆ ಕಾಯಿ ಕಚ್ಚುವ ಸಂಭವ ಇನ್ನೂ ಹೆಚ್ಚು, ಎರಡು ಗಿಡ ಇಡುವುದು ಅದಕ್ಕೇ. ಹೂವಿರುವಾಗ ಕೀಟನಾಶಕ ಸಿಂಪಡಿಸಿದವರು ಕಾಯಿ ಏಕೆ ಕಚ್ಚಲಿಲ್ಲ ಎಂದು ಕೇಳುವ ಹಾಗಿಲ್ಲ.

ಗಾಳಿಯೂ ಕಾರಣ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲುಗಟ್ಟಿರುವುದು ಸುಮ್ಮನೆ ಅಲ್ಲ. ಹೂವಿನ ಕಾಲದ ಬಿಸಿಗಾಳಿ, ಕಾಯಿ ಬಲಿಯುವಾಗಿನ ಮುಂಗಾರು ಗಾಳಿ ಎರಡಕ್ಕೂ ಪಶ್ಚಿಮ ದಿಕ್ಕಿಗೆ ಒಂದು ಬಲೆ ಕಟ್ಟಿದರೆ ಸಾಕು. ಗೋಡೆ ಕಟ್ಟಿದ ಹಾಗೆ ಪ್ಲಾಸ್ಟಿಕ್ ಹಾಳೆ ಬೇಡ, ಗಾಳಿ ಅದನ್ನು ದಾಟಿ ಸುಳಿಯಾಗಿ ಬೀಳುತ್ತದೆ.

ಕಚ್ಚಿದ ಕಾಯಿ ಕಡಲೆ ಗಾತ್ರದಲ್ಲಿ ಉದುರಿದರೆ ಅದು ಹೆಚ್ಚಾಗಿ ನೀರಿನ ಏರುಪೇರು. ಒಂದು ದಿನ ಕುಂಡ ಪೂರ್ತಿ ಒಣಗಿದ್ದರೂ ಸಾಕು, ಎರಡು ಮೂರು ದಿನ ಬಿಟ್ಟು ಉದುರುತ್ತವೆ, ಆಗ ಕಾರಣ ನೆನಪಿರುವುದಿಲ್ಲ. ಗಿಡ ಹೊರಲಾರದಷ್ಟು ಕಾಯಿ ಕಚ್ಚಿದ್ದರೂ ಹೀಗಾಗುತ್ತದೆ. ಒಂದಡಿ ಗಿಡದಲ್ಲಿ ಗೊಂಚಲಿಗೆ ಒಂದೋ ಎರಡೋ ಬಿಟ್ಟು ಉಳಿದದ್ದನ್ನು ಎಳೆಯದರಲ್ಲೇ ಕಿತ್ತು ಉಪ್ಪಿನಕಾಯಿ ಹಾಕಿ. ಬಲಿತ ಕಾಯಿ ಮೊದಲ ಜೋರು ಮಳೆಗೆ ಬಿರಿಯುವುದಕ್ಕೂ ಮೂಲ ಇದೇ ಏರುಪೇರು. ಹಣ್ಣು ಕೆಂಪಿಗೆ ತಿರುಗಿದ ಕೂಡಲೇ ಪಿಕಳಾರ ಹಕ್ಕಿಗೆ ಸುದ್ದಿ ಮುಟ್ಟುತ್ತದೆ, ಬಲೆ ಅಷ್ಟರೊಳಗೆ ಬೀಳಲಿ.

ಹುಳ

ಮುಖ್ಯ ಶತ್ರು ಹಿಟ್ಟು ತಿಗಣೆ. ಎಲೆ ಸಂದಿನಲ್ಲಿ, ಮುಳ್ಳಿನ ಬುಡದಲ್ಲಿ ಹತ್ತಿಯಂತೆ ಕೂತಿರುತ್ತದೆ. ಬುಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ತಿಗಣೆ ಕಾಣದಿದ್ದರೂ ಇದೆ ಎಂದೇ ಹುಡುಕಿ. ಬೇವಿನ ಎಣ್ಣೆ 5 ಮಿಲಿ, ಸೋಪಿನ ದ್ರವ 2 ಮಿಲಿ, ನೀರು ಒಂದು ಲೀಟರ್, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಣ್ಣೆಯೇ ಎಲೆ ಸುಡುತ್ತದೆ. ಮೇಲೆ ಏನೂ ಇಲ್ಲದೆ ಗಿಡ ಸುಮ್ಮನೆ ಸೊರಗಿದರೆ ಕುಂಡದಿಂದ ಎತ್ತಿ ಬೇರಿನ ಹೆಂಟೆಯ ಹೊರಮೈ ನೋಡಿ, ಬಿಳಿ ಪುಡಿ ಕೂತಿದ್ದರೆ ಬೇರಿನ ತಿಗಣೆ. ಮಣ್ಣು ಪೂರ್ತಿ ತೊಳೆದು ಬದಲಿಸುವುದೊಂದೇ ನಂಬುವ ದಾರಿ. ಬೆಳಗಾಗುವುದರೊಳಗೆ ಒಂದು ಟೊಂಗೆಯ ಎಲೆಯೆಲ್ಲ ಖಾಲಿ, ಕೆಳಗೆ ದಪ್ಪ ಹಿಕ್ಕೆ ಬಿದ್ದಿದೆಯೆಂದರೆ ಎಲೆ ತಿನ್ನುವ ಮರಿಹುಳು. ಟಾರ್ಚ್ ಹಿಡಿದು ಕೈಯಲ್ಲೇ ಆರಿಸಿ, ಔಷಧಿ ಬೇಡ.

ತಂತಿ ಕಟ್ಟಿದ ಟೊಂಗೆ ಮುರಿಯುವುದು, ಗಾಯವಾಗುವುದು

ಪೆನ್ಸಿಲ್‌ಗಿಂತ ದಪ್ಪವಾದ ಕವಳೆ ಟೊಂಗೆ ಬಾಗುವುದಿಲ್ಲ, ಸಿಡಿಯುತ್ತದೆ. ಸಣ್ಣ ಟೊಂಗೆಗೆ 1.5ರಿಂದ 3 ಮಿಲಿಮೀಟರ್ ಅಲ್ಯೂಮಿನಿಯಂ ತಂತಿ, ಕಟ್ಟುವ ಹಿಂದಿನ ದಿನ ನೀರು ನಿಲ್ಲಿಸಿದರೆ ಟೊಂಗೆ ಸ್ವಲ್ಪ ಮೆತ್ತಗಾಗುತ್ತದೆ. ಸುತ್ತುವ ದಾರಿಯಲ್ಲಿರುವ ಮುಳ್ಳನ್ನು ಮೊದಲೇ ಕತ್ತರಿಸಿ, ಇಲ್ಲದಿದ್ದರೆ ತಂತಿ ಅದರ ಮೇಲೆ ಹತ್ತಿ ಸಡಿಲ ಬೀಳುತ್ತದೆ. ಕವಲೊಡೆದ ಮುಳ್ಳು ಕಣ್ಣಿನ ಮಟ್ಟಕ್ಕೇ ಬರುತ್ತದೆ, ಕನ್ನಡಕ ಹಾಕಿಕೊಂಡು ಕೂರಿ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ನೋಡಿ, ತೊಗಟೆಗೆ ಕಚ್ಚಲು ಶುರುವಾಗಿದ್ದರೆ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಕಿತ್ತು ತಂದ ಬುಡ ಚಿಗುರಿ, ಆಮೇಲೆ ಸಾಯುವುದು

ಹೊಲದ ಬದುವಿನ ಹಳೆ ಕವಳೆ ಬುಡ ಬೋನ್ಸಾಯ್‌ಗೆ ಬಂಗಾರ. ನಿಮ್ಮದೇ ಬದು ಅಥವಾ ಕೇಳಿ ಪಡೆದದ್ದಾಗಿರಬೇಕು. ಜೋಗಿಮಟ್ಟಿ, ರಂಗಯ್ಯನದುರ್ಗ ಎರಡೂ ವನ್ಯಜೀವಿ ಧಾಮಗಳು, ಅಲ್ಲಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮೃಗಶಿರ, ಆರಿದ್ರಾ ಮಳೆ ಹೊತ್ತಿಗೆ ಕಿತ್ತ ಬುಡ ಮೂರ್ನಾಲ್ಕು ವಾರದಲ್ಲಿ ಚಿಗುರುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಚಿಗುರು ಕಾಂಡದಲ್ಲಿ ಕೂಡಿಟ್ಟ ಅನ್ನದಿಂದ ಬಂದದ್ದು, ಕೆಳಗೆ ಒಂದು ಬೇರೂ ಹುಟ್ಟಿರದೆ ಇರಬಹುದು. ಚಿಗುರು ಕಂಡ ಖುಷಿಗೆ ಬಿಸಿಲಿಗಿಟ್ಟು ಗೊಬ್ಬರ ಹಾಕಿದರೆ ಹತ್ತು ದಿನದಲ್ಲಿ ಕಪ್ಪಾಗುತ್ತದೆ. ಬೇರು ಬಂದಿದೆಯೇ ಎಂದು ಬುಡ ಅಲ್ಲಾಡಿಸಿ ನೋಡಿದರೆ ಬಂದ ಬೇರೂ ಹರಿಯುತ್ತದೆ. ಚಿಗುರನ್ನೇ ಗಮನಿಸಿ. ಒಂದು ಸಲ ಬೆಳೆದು, ನಿಂತು, ಎಲೆ ಗಟ್ಟಿಯಾಗಿ, ಮತ್ತೆ ಎರಡನೇ ಸಲ ಕುಡಿಯೊಡೆದರೆ ಬೇರು ಹಿಡಿದಿದೆ. ಅಲ್ಲಿಯವರೆಗೆ ಬುಡವನ್ನು ದಾರದಿಂದ ಕುಂಡಕ್ಕೆ ಅಲುಗದಂತೆ ಬಿಗಿದು, ಬೆಳಗಿನ ಬಿಸಿಲಷ್ಟೇ ತಾಗುವ ಜಾಗದಲ್ಲಿಡಿ. ಮೊದಲ ವರ್ಷ ಆಳವಾದ ಸಾದಾ ಕುಂಡವೇ ಇರಲಿ, ತಾಯಿ ಬೇರು ಕತ್ತರಿಸಿದ ಗಾಯ ಮಾಯಲು ಮಣ್ಣಿನ ಆಳ ಬೇಕು. ತಟ್ಟೆ ಕುಂಡಕ್ಕೆ ಇಳಿಸುವುದು ಮುಂದಿನ ಮಳೆಗಾಲಕ್ಕೆ, ಅದೂ ಒಂದೇ ಸಲಕ್ಕೆ ಬೇರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯದೆ.